ಅರ್ಧ ದಾರಿಯಲ್ಲಿ ನಿಂತ ಬಕೀಟು

ಹನ್ನೊಂದು ದಿನ ಮನೆಗೆ ಬೀಗ ಹಾಕಿ ಹೋಗಿ ಬರುವಷ್ಟರಲ್ಲಿ ಲಿಫ್ಟ್ ಮೇಸ್ತ್ರಿಯ ಹಿತ್ತಿಲ ಹೀರೆಬಳ್ಳಿ ಗೋಡೆ ಹತ್ತಿ, ಚಾವಣಿ ದಾಟಿ, ಟಿವಿ ಆಂಟೆನಾವನ್ನು ಅಪ್ಪಿಕೊಂಡು, ಇಡೀ ಬೀದಿಗೆ ಮೂರು ಚಾನೆಲ್ ಹೆಚ್ಚಿಗೆ ಬರುವಂತೆ ಮಾಡಿತ್ತು. ಟೊಮೆಟೊಗಳ ಭಾರಕ್ಕೆ ನೆಲ ಒಂದು ಬೆರಳು ತಗ್ಗಿತ್ತು. ಒಂದು ಬದನೆಕಾಯಿಯನ್ನು ಇಬ್ಬರು ಸೇರಿ ಎತ್ತಬೇಕಾಯಿತು. ಎತ್ತಿದವರಲ್ಲಿ ಒಬ್ಬರಿಗೆ ಇನ್ನೂ ಸೊಂಟ ನೆಟ್ಟಗಾಗಿಲ್ಲ. ನಂಬಿಕೆಯಾಗದವರು ಮೇಸ್ತ್ರಿಯನ್ನೇ ಕೇಳಬಹುದಿತ್ತು. ಚಹಾದಂಗಡಿಯ ಬೆಂಚಿನ ಮೇಲೆ ಬೆಳಗ್ಗೆ ಏಳಕ್ಕೆ ಒಂದು ಸಲ, ಸಂಜೆ ಐದಕ್ಕೆ ಒಂದು ಸಲ, ಯಾರೂ ಕೇಳದಿದ್ದರೂ ಅವರು ಹೇಳುತ್ತಿದ್ದರು.

ಮೂವತ್ತಾರು ವರ್ಷ ಊರಿನ ಎತ್ತರದ ಕಟ್ಟಡಗಳ ಲಿಫ್ಟುಗಳಿಗೆ ಎಣ್ಣೆ ಹಾಕಿ, ಹಗ್ಗ ಬದಲಿಸಿ, ನಡುವೆ ಸಿಕ್ಕಿಕೊಂಡವರನ್ನು ಎಳೆದು ಹೊರತೆಗೆದ ಕೈ ಅದು. ನಿವೃತ್ತಿಯಾದ ಮೇಲೆ ಆ ಕೈಗೆ ಸಿಕ್ಕಿದ್ದು ನಾಲ್ಕು ಮಂಚ ಹಾಕಿದರೆ ತುಂಬಿಹೋಗುವ ಹಿತ್ತಿಲು. ಅಲ್ಲಿ ಅವರು ಕೈಯಾರೆ ಮಾಡದ್ದು ಏನೂ ಇರಲಿಲ್ಲ. ಹಳೆಯ ಲಿಫ್ಟಿನ ಬಾಗಿಲಿನಿಂದ ಮಾಡಿದ ಬೆಂಚಿತ್ತು; ಕೂತವರು ಏಳುವಾಗ ಅದು ತಾನೂ ಎದ್ದು ಬರುತ್ತಿತ್ತು. ಹಕ್ಕಿಗಳಿಗೆಂದು ಇಟ್ಟ ಸಿಮೆಂಟಿನ ಬಟ್ಟಲಿನಲ್ಲಿ ಪಕ್ಕದ ಮನೆಯ ಬೆಕ್ಕು ಮಲಗುತ್ತಿತ್ತು. ಗೊಬ್ಬರ ಮಾಡಲು ಇಟ್ಟ ಡಬ್ಬದ ಮುಚ್ಚಳ ಒಂದು ಮಧ್ಯಾಹ್ನ ಢಮಾರ್ ಎಂದು ಹಾರಿ, ಮೂರು ಮನೆಯಾಚೆ ಒಣಗಲು ಹಾಕಿದ್ದ ಬಟ್ಟೆಗಳ ನಡುವೆ ಇಳಿದಿತ್ತು. ಇಷ್ಟಾದರೂ ಸ್ಕ್ರೂಡ್ರೈವರ್ ಹಿಡಿದು ಹಿತ್ತಿಲಿಗೆ ಇಳಿದರೆ ಮೇಸ್ತ್ರಿಗೆ ಊಟದ ನೆನಪಿರುತ್ತಿರಲಿಲ್ಲ. ಬಗ್ಗಿದ ತಂತಿಯೊಂದು ಇಕ್ಕಳದಲ್ಲಿ ನೆಟ್ಟಗಾಗುವ ಹೊತ್ತಿಗೆ ಅವರ ಮುಖವೂ ಹಾಗೇ ನೆಟ್ಟಗಾಗುತ್ತಿತ್ತು.

ಎಲ್ಲಕ್ಕಿಂತ ದೊಡ್ಡದು ನೀರು ಹಾಕುವ ಯಂತ್ರ. ಕಟ್ಟೆಯ ಮೇಲೆ ಇನ್ನೂರು ಲೀಟರಿನ ಡ್ರಮ್. ಅದರ ನಲ್ಲಿಯ ಕೆಳಗೆ ರಾಟೆಯಿಂದ ತೂಗುಬಿದ್ದ ಕಬ್ಬಿಣದ ಬಕೀಟು. ಹಗ್ಗದ ಇನ್ನೊಂದು ತುದಿಯಲ್ಲಿ ನಟ್ಟು ಬೋಲ್ಟು ತುಂಬಿದ ಬಣ್ಣದ ಡಬ್ಬ, ಲಿಫ್ಟಿಗೆ ಇರುವಂತೆಯೇ ಎದುರು ತೂಕ. ಬಕೀಟು ಮೇಲೆ ಬಂದಾಗ ಅದರ ಅಂಚು ತಾಗಿ ನಲ್ಲಿ ತೆರೆಯಬೇಕು. ನೀರು ತುಂಬಿ ಭಾರವಾದಾಗ ನಲ್ಲಿ ಮುಚ್ಚಿಕೊಂಡು ಬಕೀಟು ಕೆಳಗಿಳಿಯಬೇಕು. ಕೆಳಗೆ ನೆಟ್ಟ ಗೂಟಕ್ಕೆ ತಳದ ಬಿರಡೆ ತಾಗಿ ನೀರು ತಗಡಿನ ಕಾಲುವೆಯಲ್ಲಿ ಹರಿದು ಹದಿನಾಲ್ಕು ಗಿಡಗಳನ್ನು ಮುಟ್ಟಬೇಕು. ಹಗುರಾದ ಬಕೀಟು ಮತ್ತೆ ಮೇಲೇರಬೇಕು. ಕರೆಂಟಿಲ್ಲ, ಮನುಷ್ಯರಿಲ್ಲ. ಮಗಳ ಬಾಣಂತನ ನೋಡಿಕೊಂಡು ಬರಲು ಗಂಡ ಹೆಂಡತಿ ಹೊರಟಾಗ ಮೇಸ್ತ್ರಿ ಅದಕ್ಕೆ ಸಲಾಮು ಹೊಡೆದೇ ಬೀಗ ಹಾಕಿದ್ದರು.

ವಾಪಸು ಬಂದ ದಿನ ಹಿಂಬಾಗಿಲು ಮೊದಲು ತೆರೆದದ್ದು ಹೆಂಡತಿ.

"ರೀ, ಸ್ವಲ್ಪ ಬನ್ನಿ ಇಲ್ಲಿ."

ಆ ದನಿಯಲ್ಲಿ ಬೈಗುಳವಿರಲಿಲ್ಲ. ಮೇಸ್ತ್ರಿ ಹೆದರುತ್ತಲೇ ಹೋದರು. ಹದಿನಾಲ್ಕೂ ಗಿಡಗಳು ಹಸಿರಾಗಿ ನಿಂತಿದ್ದವು. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಅವರು ಮಾಡಿದ ಯಾವುದನ್ನೂ ಹೊಗಳದ ಹೆಂಡತಿ ಅವರ ಭುಜದ ಮೇಲೆ ಕೈಯಿಟ್ಟು, "ಕೊನೆಗೂ ಒಂದು ಮಾಡಿದ್ರಿ ಬಿಡಿ" ಎಂದಳು.

ಮೇಸ್ತ್ರಿಯ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಎರಡು ಗುಂಡಿ ಕಿತ್ತುಹೋದವು. ಒಂದು ಕಿತ್ತಿತ್ತು, ಇನ್ನೊಂದು ಮೊದಲೇ ಇರಲಿಲ್ಲ. ಆದರೆ ಅದೇ ಗಳಿಗೆಗೆ ಅವರ ಕಣ್ಣು ಬಕೀಟಿನ ಮೇಲೆ ಬಿತ್ತು. ಅದು ಮೇಲೂ ಇರಲಿಲ್ಲ, ಕೆಳಗೂ ಇರಲಿಲ್ಲ. ನಡುವೆ ಅಲ್ಲಾಡದೆ ನಿಂತಿತ್ತು. ಹೆಂಡತಿ ಅತ್ತ ತಿರುಗಿದ ಕೂಡಲೇ ಮೇಸ್ತ್ರಿ ಕಿರುಬೆರಳಿನಿಂದ ಅದನ್ನು ಮೆಲ್ಲಗೆ ಒತ್ತಿದರು. ಬಕೀಟು ಇಳಿಯಿತು, ನೀರು ಹರಿಯಿತು. "ನೋಡು, ನಾವು ಬರೋ ಹೊತ್ತಿಗೆ ಸರಿಯಾಗಿ ಇಳೀತಾ ಇತ್ತು" ಎಂದರು.

ಮರುದಿನ ಬೆಳಗ್ಗೆ ಅವರು ಮಂಡಿಯೂರಿ ನೆಲ ನೋಡಿದರು. ಪ್ರತಿ ಗಿಡದ ಬುಡದಲ್ಲಿ ಚಿಕ್ಕ ಚಿಕ್ಕ ಗುಳಿಗಳು. ಕಾಲುವೆಯ ನೀರು ಗೀರು ಹಾಕುತ್ತದೆ, ಗುಳಿ ಮಾಡುವುದಿಲ್ಲ. ಇದು ಮೇಲಿನಿಂದ, ಝಾರಿಯ ಬಾಯಿಂದ ಬಿದ್ದ ನೀರು. ಗೋಡೆಯ ಪಕ್ಕದ ಟೊಮೆಟೊ ಗಿಡದ ಹತ್ತಿರ ಬಂದಾಗ ಅವರು ಎಲೆ ಸರಿಸಿ ಹಣ್ಣು ನೋಡಿದರು. ಅವರು ನೆಟ್ಟದ್ದೆಲ್ಲ ಕೆಂಪು ಜಾತಿ. ಈ ಗಿಡದಲ್ಲಿ ಮೂರು ಹಣ್ಣು, ಮೂರೂ ಹಳದಿ.

"ಏನ್ರೀ, ಬೆಳಬೆಳಗ್ಗೆ ನೆಲ ಮೂಸ್ತಾ ಇದ್ದೀರಿ?" ಎಂದಳು ಹೆಂಡತಿ ಬಾಗಿಲಿನಿಂದ.

"ಮಣ್ಣಿನ ಹದ ನೋಡ್ತಿದ್ದೆ."

"ಮೂಗಿಂದಾನಾ?"

ಚಹಾದಂಗಡಿಯಲ್ಲಿ ಆ ಹೊತ್ತಿಗೆ ಹಳದಿ ಹಣ್ಣಿನ ಸುದ್ದಿಗೂ ರೆಕ್ಕೆ ಬಂದಿತ್ತು. ತನ್ನ ಯಂತ್ರದ ನೀರು ಅಷ್ಟು ಶುದ್ಧವೆಂದೂ, ಅದಕ್ಕೆ ಟೊಮೆಟೊದ ಬಣ್ಣವೇ ತಿಳಿಯಾಗಿದೆಯೆಂದೂ ಮೇಸ್ತ್ರಿ ಘೋಷಿಸಿದರು.

ಅಂಗಡಿಯವನು ಕೆಟಲಿನಿಂದ ತಲೆಯೆತ್ತಲಿಲ್ಲ. "ಹಂಗಾದ್ರೆ ನಮ್ಮಂಗ್ಡೀಗೂ ನಾಕು ಹನಿ ತನ್ನಿ ಮೇಸ್ತ್ರಿ. ಟೀ ತಾನಾಗೇ ಬೆಳ್ಳಗಾದ್ರೆ ಹಾಲು ಹಾಕೋ ಕೆಲಸ ಉಳಿಯುತ್ತೆ."

ಎಲ್ಲರೂ ನಕ್ಕರು, ಮೇಸ್ತ್ರಿಯೂ ನಕ್ಕರು. ನಗುತ್ತಲೇ ಒಬ್ಬೊಬ್ಬರ ಮುಖ ನೋಡಿದರು. ಯಾರು? ಬೀಗ ಹಾಕಿದ ಮನೆಯ ಹಿತ್ತಿಲಿಗೆ ಇಳಿದು, ಗಿಡಕ್ಕೆ ನೀರುಣಿಸಿ, ಸತ್ತ ಗಿಡ ಕಿತ್ತು ಬೇರೆ ನೆಟ್ಟು, ಬಾಯಿ ಬಿಡದೆ ಕೂತಿರುವವರು ಯಾರು? ಕದ್ದವರನ್ನು ಹಿಡಿಯಬಹುದು. ಇಟ್ಟುಹೋದವರನ್ನು ಯಾವ ಠಾಣೆಗೆ ಹೇಳುವುದು?

ಮನೆಗೆ ಬಂದರೆ ಹೆಂಡತಿ ಫೋನಿನಲ್ಲಿದ್ದಳು. "ಚಿಂತೆ ಬಿಡಣ್ಣ, ನಮ್ಮನೆಯವ್ರು ಬಂದು ಮೆಷಿನ್ನು ಹಾಕಿಕೊಡ್ತಾರೆ. ಹನ್ನೊಂದು ದಿನ ಓಡಿದ್ದು ಇಪ್ಪತ್ತೊಂದು ದಿನ ಓಡಲ್ವಾ?"

ಅವಳ ಅಣ್ಣ, ಅಂದರೆ ಮೇಸ್ತ್ರಿಯ ಭಾವ, ಔಷಧಿ ಅಂಗಡಿಯಲ್ಲಿ ಕಾಂಪೌಂಡರ್ ಆಗಿದ್ದವರು. ಜೀವಮಾನವಿಡೀ ಹನಿ ಎಣಿಸಿ ಬಾಟಲಿ ತುಂಬಿದವರು. ಈಗ ಒಂಟಿ ಮನೆಯಲ್ಲಿ ನಲವತ್ತು ಕುಂಡಗಳ ಗುಲಾಬಿ ಸಾಕಿಕೊಂಡಿದ್ದರು. ಅದರಲ್ಲಿ ಆರು ಕುಂಡ ಅವರೇ ಕಸಿ ಮಾಡಿ, ನಾಲ್ಕು ವರ್ಷ ಕಾದು ತಂದ ಹೊಸ ಬಣ್ಣದವು. ಮೊಗ್ಗು ಬಂದಿತ್ತು. ಆದರೆ ಅದೇ ನಾಲ್ಕು ವರ್ಷದಲ್ಲಿ ಭಾವನ ಎರಡೂ ಕಣ್ಣಿಗೆ ಪೊರೆ ಬೆಳೆದು, ಹೂವೆಂದರೆ ಮಂಜಿನಲ್ಲಿ ಅದ್ದಿದ ಬಟ್ಟೆಯಂತೆ ಕಾಣುತ್ತಿತ್ತು. ತಾವು ಮಾಡಿದ ಬಣ್ಣವನ್ನು ಅವರು ಇನ್ನೂ ಸರಿಯಾಗಿ ನೋಡಿರಲಿಲ್ಲ. ಬರುವ ವಾರ ಬೇರೆ ಊರಿನಲ್ಲಿ ಮಗನ ಮನೆಯಲ್ಲಿದ್ದು ಎರಡೂ ಕಣ್ಣಿನ ಆಪರೇಷನ್. ಇಪ್ಪತ್ತೊಂದು ದಿನ ಬಿಟ್ಟು ಬಂದು ಅವರು ಮೊದಲು ನೋಡಬೇಕಾದದ್ದು ಆ ಆರು ಕುಂಡಗಳನ್ನು.

"ಅಣ್ಣ ಏನಂದ ಗೊತ್ತಾ?" ಹೆಂಡತಿ ಫೋನ್ ಇಟ್ಟು ಹೇಳಿದಳು. "ಬೇರೆ ಯಾರೇ ಹೇಳಿದ್ರೂ ನಂಬ್ತಿರಲಿಲ್ಲ, ನೀನು ಹೇಳ್ತಿದ್ದೀಯ ಅಂತ ನಂಬ್ತೀನಿ ಅಂದ."

ಮೇಸ್ತ್ರಿ ಹೋಗಿ ಹಿಂಬಾಗಿಲಿನ ಚಿಲಕ ಹಾಕಿದರು.

ಅಂದಿನಿಂದ ಅವರ ಗುಮಾನಿಗೆ ಹತ್ತು ಕಣ್ಣು ಮೂಡಿದವು. ಬೆಳಗ್ಗೆ ಪೇಪರ್ ಹಾಕುವವನನ್ನು ಗೇಟಿನಲ್ಲೇ ತಡೆದರು. "ನಿಮ್ಮನೇಲಿ ಗಿಡ ಇದ್ಯಾ?" ಅವನು ಮೂರನೇ ಮಹಡಿಯ ಒಂಟಿ ಕೋಣೆಯಲ್ಲಿದ್ದವನು. "ಗೋಡೇಲಿ ಪಾಚಿ ಇದೆ ಸಾರ್" ಎಂದು ಸೈಕಲ್ ಹತ್ತಿದ. ಮೀಟರ್ ನೋಡುವವನು ಬಂದಾಗ ಅವನ ಬೂಟಿನ ಮಣ್ಣನ್ನು ಕಣ್ಣಲ್ಲೇ ಅಳೆದರು. ಅವನು ಮೀಟರಿಗಿಂತ ಮೇಸ್ತ್ರಿಯನ್ನೇ ಹೆಚ್ಚು ಹೊತ್ತು ನೋಡಿ, ಏನನ್ನೋ ಬರೆದುಕೊಂಡು ಹೋದ. ಹೆಂಡತಿಯ ಮೇಲೂ ಅನುಮಾನ ಬಂತು. ಇವಳೇ ಯಾರಿಗಾದರೂ ಬೀಗದ ಕೈ ಕೊಟ್ಟಿದ್ದಳೇ? ಕೊಟ್ಟಿದ್ದರೆ ಅಣ್ಣನ ಗುಲಾಬಿಯನ್ನು ಒತ್ತೆ ಇಡುವಳೇ? ಅವಳು ತರಕಾರಿ ಹೆಚ್ಚುವಾಗ ಬಾಗಿಲ ಸಂದಿಯಿಂದ ನೋಡಿದರು.

"ಏನು ಕಾಣ್ತಿದೆ?" ಎಂದಳು ಅವಳು ತಿರುಗದೆಯೇ.

"ಏನಿಲ್ಲ."

"ಏನಿಲ್ದೇ ಇರೋದನ್ನ ಮೂರು ದಿನದಿಂದ ನೋಡ್ತಿದ್ದೀರಿ. ಏನೋ ಮುಚ್ಚಿಡ್ತಿದ್ದೀರಿ ನೀವು."

ಅಲ್ಲಿಗೆ ಒಂದೇ ಮನೆಯಲ್ಲಿ ಇಬ್ಬರು ಪತ್ತೇದಾರರಾದರು. ಮೇಸ್ತ್ರಿ ಬೀದಿಯನ್ನು ಕಾಯುತ್ತಿದ್ದರೆ ಹೆಂಡತಿ ಮೇಸ್ತ್ರಿಯನ್ನು ಕಾಯುತ್ತಿದ್ದಳು.

ನಾಲ್ಕನೆಯ ದಿನ ಅವರು ಪಕ್ಕದ ಮನೆಯ ದರ್ಜಿಯಮ್ಮನಿಗೆ ಪ್ಯಾಂಟು ಕೊಡಲು ಹೋದರು. ಜಿಪ್ ಕೆಟ್ಟಿದ್ದು ಒಂದು ವರ್ಷದ ಹಿಂದೆ. ಹೋಗಲು ಕಾರಣ ಬೇಕಿತ್ತು. ಅವಳ ಮನೆಯ ಹೊರಮೆಟ್ಟಿಲಿನ ಮೇಲೆ ಹಳೆಯ ಎಣ್ಣೆ ಡಬ್ಬಗಳು, ಡಬ್ಬಗಳಲ್ಲಿ ಟೊಮೆಟೊ ಗಿಡಗಳು. ಎಲ್ಲ ಹಣ್ಣೂ ಹಳದಿ. ಮೇಸ್ತ್ರಿ ಒಂದು ಕಾಲು ಮೇಲಿನ ಮೆಟ್ಟಿಲಲ್ಲಿ, ಒಂದು ಕಾಲು ಕೆಳಗಿನ ಮೆಟ್ಟಿಲಲ್ಲಿ ಇಟ್ಟು ಹಾಗೇ ನಿಂತರು.

ದರ್ಜಿಯಮ್ಮ ಬಾಯಲ್ಲಿದ್ದ ಎರಡು ಗುಂಡುಸೂಜಿಗಳನ್ನು ತೆಗೆದು ದಿಂಬಿಗೆ ಚುಚ್ಚಿದಳು. "ಬನ್ನಿ ಮೇಸ್ತ್ರಿಗಳೇ. ಯಾವತ್ತು ಬರ್ತೀರಿ ಅಂತ ಕಾಯ್ತಿದ್ದೆ. ಗಿಡ ಹಿಡ್ಕೊಂಡ್ತಾ?"

"ಯಾವ ಗಿಡ?"

"ಆಯ್ತು, ಯಾವ್ದೂ ಇಲ್ಲ. ಪ್ಯಾಂಟು ಕೊಡಿ."

ಮೇಸ್ತ್ರಿ ಪ್ಯಾಂಟು ಕೊಡಲಿಲ್ಲ. ಅದನ್ನು ಎದೆಗೆ ಒತ್ತಿಕೊಂಡು ಸ್ಟೂಲಿನ ಮೇಲೆ ಕೂತರು. "ಎಷ್ಟು ದಿನ ಹಾಕಿದ್ರಿ ನೀರು?"

"ನೀವು ಹೋದ ಮೂರನೇ ದಿನ ಬಟ್ಟೆ ಒಣಹಾಕೋಕೆ ಮೇಲೆ ಹೋಗಿದ್ದೆ. ನೋಡಿದ್ರೆ ನಿಮ್ಮ ಬಕೀಟು ನಡುವೇನೇ ನಿಂತಿದೆ. ಸಂಜೆಗೂ ಅಲ್ಲೇ. ಮಾರನೇ ದಿನಾನೂ ಅಲ್ಲೇ. ಎರಡು ಮಹಡಿ ನಡುವೆ ಲಿಫ್ಟ್ ಸಿಕ್ಕಾಕ್ಕೊಳುತ್ತಲ್ಲ, ಥೇಟ್ ಹಂಗೆ. ಗಿಡ ಎಲ್ಲ ತಲೆ ಬಗ್ಗಿಸಿದ್ವು, ಗೋಡೆ ಪಕ್ಕದ್ದು ಕಡ್ಡಿಯಾಗಿತ್ತು. ಏಣಿ ಹಾಕಿ ಇಳಿದೆ. ನಮ್ಮನೇದೇ ನೀರು, ನಮ್ಮನೇದೇ ಝಾರಿ. ಏಳು ದಿನ."

"ಯಂತ್ರ ಮುಟ್ಟಲಿಲ್ವಾ?"

"ಮುಟ್ತೀನಾ? ಇನ್ನೊಬ್ರ ಮೆಷಿನ್ನು ನಾನು ಮುಟ್ಟಲ್ಲ. ನನ್ನ ಮೆಷಿನ್ ಯಾರಾದ್ರೂ ಮುಟ್ಟಿದ್ರೆ ಕೈ ಮುರೀತೀನಿ."

"ಹೇಳಬಹುದಿತ್ತಲ್ಲಮ್ಮ."

"ಹೇಳೋಣ ಅಂತಾನೇ ಬಂದೆ, ನೀವು ಬಂದ ದಿನ. ಅಕ್ಕ ಬಾಗಿಲಲ್ಲೇ ಕೈ ಹಿಡ್ಕೊಂಡು, 'ನೋಡೇ, ನಮ್ಮನೆಯವ್ರು ಏನು ಮಾಡಿದ್ದಾರೆ' ಅಂದ್ರು. ಅವರ ಮುಖ ನೋಡಿ ನಂಗೆ ನಾಲಿಗೆ ಏಳಲಿಲ್ಲ." ಅವಳು ಸೂಜಿಗಳನ್ನು ಮತ್ತೆ ಬಾಯಿಗಿಟ್ಟು, ಅವುಗಳ ನಡುವಿನಿಂದಲೇ ಹೇಳಿದಳು. "ನನ್ನ ಬಾಯಿಂದ ಹೊರಗೆ ಬರಲ್ಲ. ನಿಮ್ಮ ಬಾಯಿ ಕಥೆ ನಿಮಗೆ ಬಿಟ್ಟಿದ್ದು."

ಮೇಸ್ತ್ರಿ ಮನೆಗೆ ಬಂದು ಎದ್ದು ಬರುವ ಬೆಂಚಿನ ಮೇಲೆ ಕೂತು ಬಕೀಟನ್ನೇ ದಿಟ್ಟಿಸಿದರು. ನಿಜ ಹೇಳಿದರೆ ಹೆಂಡತಿಯ ಮುಖದಲ್ಲಿ ಮೂಡಿದ ಬೆಳಕು ಆರುತ್ತದೆ. ಹೇಳದಿದ್ದರೆ ಭಾವನ ಮೊಗ್ಗು ಬಾಡುತ್ತದೆ. ಮೂರನೆಯ ದಾರಿ ಅವರಿಗೆ ಗೊತ್ತಿದ್ದದ್ದೇ: ಇಕ್ಕಳ, ಸ್ಪಾನರು, ಗ್ರೀಸಿನ ಡಬ್ಬ. ಯಂತ್ರವನ್ನೇ ಸರಿ ಮಾಡಿಬಿಟ್ಟರೆ ಹೇಳಿದ ಸುಳ್ಳು ತಡವಾಗಿ ಬಂದ ನಿಜವಾಗುವುದಿಲ್ಲವೇ?

ಎರಡು ದಿನ ಅವರು ಹಿತ್ತಿಲಿನಿಂದ ಒಳಗೆ ಬರಲಿಲ್ಲ. ರಾಟೆ ಬಿಚ್ಚಿ ತೊಳೆದರು, ಹಗ್ಗ ಬದಲಿಸಿದರು. ಬಕೀಟು ಮತ್ತೆ ಮತ್ತೆ ನಡುವೆಯೇ ನಿಂತಿತು. ಎಲ್ಲಿ ಬಿಟ್ಟರೂ ಅಲ್ಲೇ, ಗಾಳಿಗೂ ಅಲುಗದೆ. ಅಷ್ಟು ಚೆನ್ನಾಗಿ ತೂಕ ಕೂಡಿಸಿದ್ದೇನಲ್ಲ ಎಂದು ಹೆಮ್ಮೆಪಡುತ್ತಿರುವಾಗಲೇ ಮೇಸ್ತ್ರಿಗೆ ತಪ್ಪು ಹೊಳೆಯಿತು. ಲಿಫ್ಟಿನ ಪೆಟ್ಟಿಗೆಯ ಭಾರ, ಅದರ ಮೇಲೆ ಅರ್ಧ ಮಂದಿಯ ಭಾರ, ಇಷ್ಟು ಎದುರು ತೂಕ ಕಟ್ಟಬೇಕು; ಆಗ ಪೆಟ್ಟಿಗೆ ಹೂವಿನಂತೆ ತೇಲುತ್ತದೆ, ಮೋಟಾರಿಗೆ ಸುಸ್ತಾಗುವುದಿಲ್ಲ. ಮೂವತ್ತಾರು ವರ್ಷದ ಆ ಲೆಕ್ಕ ಕೈಯಲ್ಲಿ ಕೂತುಬಿಟ್ಟಿತ್ತು. ಬಕೀಟಿಗೂ ಅದೇ ಕೈ ಅದನ್ನೇ ಮಾಡಿತ್ತು: ಬಕೀಟಿನ ಭಾರ, ಅರ್ಧ ನೀರಿನ ಭಾರ. ಬಕೀಟು ಅರ್ಧ ತುಂಬಿದೊಡನೆ ಸ್ವಲ್ಪ ಇಳಿಯುತ್ತಿತ್ತು, ನಲ್ಲಿ ಮುಚ್ಚಿಕೊಳ್ಳುತ್ತಿತ್ತು, ತೂಕ ಸಮನಾಗಿ ಅಲ್ಲೇ ನಿಂತುಬಿಡುತ್ತಿತ್ತು. ಅದನ್ನು ಎಳೆದೊಯ್ಯಲು ಇಲ್ಲಿ ಮೋಟಾರು ಎಲ್ಲಿತ್ತು? ಇಡೀ ಊರಿನಲ್ಲಿ ಈ ತಪ್ಪು ಮಾಡಬಲ್ಲ ಗಂಡಸು ಒಬ್ಬನೇ. ಆ ವಿಷಯದಲ್ಲೂ ಮೇಸ್ತ್ರಿಗೆ ಸ್ವಲ್ಪ ಹೆಮ್ಮೆಯೆನಿಸಿತು.

ಡಬ್ಬದಿಂದ ಹಿಡಿಹಿಡಿ ನಟ್ಟು ತೆಗೆದರು, ಖಾಲಿ ಬಕೀಟನ್ನು ಎತ್ತಲು ಸಾಕಾಗುವಷ್ಟು ಮಾತ್ರ ಉಳಿಸಿದರು. ಬೀರುವಿನ ಬಾಗಿಲ ಮ್ಯಾಗ್ನೆಟ್ ಕಿತ್ತು ರಾಟೆಯ ಪಕ್ಕ ಕೂಡಿಸಿದರು. ತುಂಬುವ ತನಕ ಬಕೀಟು ಮೇಲೆಯೇ ಕಚ್ಚಿಕೊಂಡಿರಬೇಕು. ನೀರು ತುಂಬಿತು. ಮ್ಯಾಗ್ನೆಟ್ ಟಕ್ಕೆಂದು ಬಿಟ್ಟಿತು. ಬಕೀಟು ಧೊಪ್ಪನೆ ಇಳಿದು, ನೀರು ಕಾಲುವೆಯಲ್ಲಿ ಕೊನೆಯ ಗಿಡದವರೆಗೂ ಓಡಿತು. ಹಗುರಾದ ಬಕೀಟು ಮೇಲೇರಿ ತಾನಾಗೇ ಮತ್ತೆ ನಲ್ಲಿ ತೆರೆಯಿತು. ಮೇಸ್ತ್ರಿ ಇಪ್ಪತ್ತು ಸಲ ನೋಡಿದರು. ಇಪ್ಪತ್ತೊಂದನೆಯ ಸಲ ಬೆಂಚಿನಿಂದ ಎದ್ದು ಕುಣಿದರು. ಬೆಂಚೂ ಎದ್ದಿತು.

"ಬೀರು ಬಾಗಿಲು ಯಾಕೆ ನಿಲ್ತಿಲ್ಲ?" ಒಳಗಿನಿಂದ ಹೆಂಡತಿ ಕೇಳಿದಳು.

"ಗಾಳಿ ಇರಬೇಕು."

"ಕಿಟಕಿ ಹಾಕಿದೆ." ಅವಳು ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಹನ್ನೊಂದು ದಿನ ಓಡಿದ ಮೆಷಿನ್ನು. ಈಗ್ಯಾಕೆ ಬಿಚ್ಚಿ ಬಿಚ್ಚಿ ಕಟ್ತಿದ್ದೀರಿ?"

"ಇದ್ದದ್ದನ್ನ ಇನ್ನೂ ಚೆನ್ನಾಗಿ ಮಾಡೋದು ತಪ್ಪಾ?"

ಅವಳು ಒಳಗೆ ಹೋಗುವಾಗ ಎರಡು ಸಲ ತಿರುಗಿ ನೋಡಿದಳು.

ಯಂತ್ರ ಮೂರು ದಿನ ತಪ್ಪದೆ ಓಡಿತು. ಮೇಸ್ತ್ರಿಯ ಲೆಕ್ಕದಲ್ಲಿ ಮೂರು ದಿನವೆಂದರೆ ಮುನ್ನೂರು. ನಾಲ್ಕನೆಯ ದಿನ ಅದನ್ನು ಬಿಚ್ಚಿ, ಆಟೋದಲ್ಲಿ ಹೇರಿಕೊಂಡು, ಹೆಂಡತಿಯೊಂದಿಗೆ ಭಾವನ ಮನೆಗೆ ಹೋದರು. ಮರುದಿನ ಭಾವನ ಪ್ರಯಾಣ. ಸೂಟ್‌ಕೇಸ್ ಆಗಲೇ ಹೊಸ್ತಿಲ ಬಳಿ ನಿಂತಿತ್ತು.

ಅಂಗಳದಲ್ಲಿ ನಲವತ್ತು ಕುಂಡಗಳು ಕಾಲುವೆಗೆ ಅನುಕೂಲವಾಗುವಂತೆ ಎರಡು ಸಾಲಾಗಿ ಕೂತಿದ್ದವು. ಅಣ್ಣ ತಂಗಿಯರು ಫೋನಿನಲ್ಲೇ ಎಲ್ಲ ಏರ್ಪಾಡು ಮಾಡಿದ್ದರು. ಮೇಸ್ತ್ರಿ ರಾಟೆ ಕಟ್ಟಿದರು, ಬಕೀಟು ತೂಗುಹಾಕಿದರು, ಡ್ರಮ್ಮಿಗೆ ಪೈಪು ಬಿಟ್ಟರು. ಭಾವ ಬೆತ್ತದ ಕುರ್ಚಿಯಲ್ಲಿ ಕೂತು, ಕಾಣದ ಕಣ್ಣನ್ನು ಸದ್ದಿನ ಕಡೆ ತಿರುಗಿಸಿಕೊಂಡು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

"ಮೇಸ್ತ್ರಿಗಳೇ, ಒಂದು ವಿಷಯ. ನಂದು ಇಪ್ಪತ್ತೊಂದು ದಿನ. ಒಂದು ಡ್ರಮ್ ಸಾಕಾ, ಇನ್ನೊಂದು ತರಿಸ್ಲಾ? ನಿಮ್ಮಲ್ಲಿ ಹನ್ನೊಂದು ದಿನಕ್ಕೆ ಎಷ್ಟು ಇಳಿದಿತ್ತು?"

ಇಡೀ ಬೀದಿಯನ್ನು ಅನುಮಾನಿಸಿದ ಮೇಸ್ತ್ರಿ ವಾಪಸು ಬಂದಾಗ ಡ್ರಮ್ಮಿನೊಳಗೆ ಇಣುಕಿ ನೋಡಿರಲಿಲ್ಲ. ಆದರೆ ಬಾಯಿ ಯಾವತ್ತೂ ಅವರಿಗಿಂತ ಒಂದು ಹೆಜ್ಜೆ ಮುಂದೆ.

"ಕಾಲು ಡ್ರಮ್, ಭಾವ. ಅಷ್ಟೂ ಇಲ್ಲ. ನನ್ನ ಯಂತ್ರ ಒಂದು ಹನಿ ಪೋಲು ಮಾಡಲ್ಲ."

ಭಾವ ಕಣ್ಣು ಮುಚ್ಚಿದರು. ತುಟಿ ಸಣ್ಣಗೆ ಅಲುಗಿತು. "ಐವತ್ತು ಲೀಟರು. ಹದಿನಾಲ್ಕು ಗಿಡ. ಹನ್ನೊಂದು ದಿನ. ಒಂದು ಗಿಡಕ್ಕೆ ದಿನಕ್ಕೆ ಒಂದೂವರೆ ಲೋಟ. ಆ ಬಿಸಿಲಿಗೆ ಹೀರೆಬಳ್ಳಿ ಅಷ್ಟರಲ್ಲೇ ಬದುಕ್ತಾ?"

"ಕಾಲು ಅಂದ್ನಾ? ಮುಕ್ಕಾಲು. ಹೆಚ್ಚು ಕಡಿಮೆ ಖಾಲಿ."

"ಕಾಲೋ ಮುಕ್ಕಾಲೋ?"

"ಮುಕ್ಕಾಲು ಭಾವ, ಮುಕ್ಕಾಲು."

ಕುಂಡದ ಒಣಗಿದ ಎಲೆ ಆರಿಸುತ್ತಿದ್ದ ಹೆಂಡತಿಯ ಕೈ ನಿಂತಿತು. "ಖಾಲಿ ಎಲ್ಲಿತ್ತು ರೀ? ಬಂದ ದಿನ ಬಸ್ಸಿನ ಧೂಳು ಅಂತ ನಾನು ಅದೇ ಡ್ರಮ್ಮಿಗೆ ಚೊಂಬು ಅದ್ದಿ ಕೈಕಾಲು ತೊಳ್ಕೊಂಡೆ. ಕೈ ಬಗ್ಗಿಸಬೇಕಾಗಿ ಬರಲಿಲ್ಲ. ಕಂಠಮಟ್ಟ ಇತ್ತು."

ಅದೇ ಹೊತ್ತಿಗೆ ಮ್ಯಾಗ್ನೆಟ್ ಟಕ್ಕೆಂದು ಬಿಟ್ಟು, ಬಕೀಟು ಧೊಪ್ಪನೆ ಇಳಿದು, ನೀರು ನಲವತ್ತೂ ಕುಂಡಗಳ ನಡುವೆ ಸರಾಗವಾಗಿ ಹರಿಯಿತು. ನಡುವೆ ಮಳೆ ಬಂದಿರಬೇಕು, ಡ್ರಮ್ ಮತ್ತೆ ತುಂಬಿರಬೇಕು ಎಂಬ ಮಾತು ಮೇಸ್ತ್ರಿಯ ನಾಲಿಗೆಯ ತುದಿಗೆ ಬಂದು ಕೂತಿತ್ತು. ಒಳ್ಳೆಯ ಮಾತು. ಭಾವ ನಂಬುತ್ತಿದ್ದರು. ಹೆಂಡತಿ ನಂಬಬೇಕೆಂದು ಕಾಯುತ್ತಿದ್ದಳು.

ಭಾವ ಕುರ್ಚಿಯಿಂದ ಬಗ್ಗಿ, ಹತ್ತಿರದ ಕುಂಡದ ಮೊಗ್ಗುಗಳನ್ನು ಬೆರಳ ತುದಿಯಿಂದ ಮುಟ್ಟಿ ಎಣಿಸಿದರು. ಐದು. ಮತ್ತೊಮ್ಮೆ ಎಣಿಸಿದರು. "ತಂಗೀ, ತುದಿ ಬಿರಿದಿದೆಯಲ್ಲ ಇದು. ಯಾವ ಬಣ್ಣ ಕಾಣುತ್ತೆ?" ಎಂದವರು, ಅವಳು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದರು. "ಬೇಡ, ಹೇಳಬೇಡ. ನಾನೇ ಬಂದು ನೋಡ್ತೀನಿ."

ಮೇಸ್ತ್ರಿ ಸ್ಪಾನರನ್ನು ಕೆಳಗಿಟ್ಟರು.

"ಓಡಲಿಲ್ಲ ಭಾವ. ಮೊದಲ ಸಲಕ್ಕೇ ನಡುವೆ ನಿಂತುಬಿಟ್ಟಿತ್ತು. ಪಕ್ಕದ ಮನೆ ದರ್ಜಿಯಮ್ಮ ಏಣಿ ಹಾಕಿ ಇಳಿದು, ತಮ್ಮನೆ ನೀರು ಹಾಕಿ ಗಿಡ ಉಳಿಸಿದ್ರು. ಸತ್ತ ಗಿಡದ ಜಾಗಕ್ಕೆ ತಮ್ಮ ಗಿಡ ನೆಟ್ಟಿದ್ದಾರೆ. ಅದಕ್ಕೇ ಹಣ್ಣು ಹಳದಿ. ಹೀರೆಬಳ್ಳಿ ಗೋಡೆ ಅರ್ಧಕ್ಕೂ ಬಂದಿಲ್ಲ, ಆಂಟೆನಾ ನಮ್ಮನೇಲಿ ಇಲ್ಲವೇ ಇಲ್ಲ."

ಅವರು ಹೆಂಡತಿಯ ಕಡೆ ತಿರುಗಿದರು. ಅವಳು ಎಲೆಗಳನ್ನು ಮುಷ್ಟಿಯಲ್ಲಿ ಹಿಡಿದು ಅವರನ್ನೇ ನೋಡುತ್ತಿದ್ದಳು. ಮುಖದ ಮೇಲೆ ಏನಿದೆಯೆಂದು ಓದಲು ಅವರಿಗೆ ಧೈರ್ಯ ಸಾಲಲಿಲ್ಲ.

"ನೀನು ಭುಜದ ಮೇಲೆ ಕೈ ಇಟ್ಟೆಯಲ್ಲ," ಎಂದರು, "ಅದು ಹೋಗಬಾರದು ಅಂತ ಹೇಳಲಿಲ್ಲ. ಈಗ ತಪ್ಪು ಹುಡುಕಿ ಸರಿ ಮಾಡಿದ್ದೀನಿ. ಮೂರು ದಿನ ಓಡಿದೆ. ನಾಲ್ಕನೇ ದಿನ ಓಡುತ್ತಾ ಅಂದ್ರೆ ನಂಗೊತ್ತಿಲ್ಲ. ನಾನೇ ದಿನಾ ಬೆಳಗ್ಗೆ ಬಸ್ಸು ಹತ್ತಿ ಬರ್ತೀನಿ. ಝಾರಿ ಕೊಡಿ, ಕೈಯಲ್ಲೇ ಹಾಕ್ತೀನಿ."

"ದಿನಾನಾ?" ಎಂದಳು ಹೆಂಡತಿ. ದನಿಯಲ್ಲಿ ಹಳೆಯ ಅನುಮಾನ ಹಾಗೇ ಇತ್ತು.

"ದಿನಾ. ಬೇಕಾದ್ರೆ ನೀನೂ ಬಾ, ಕಾವಲಿಗೆ."

ಭಾವ ಮೇಸ್ತ್ರಿಯ ದನಿಯತ್ತ ಮುಖ ತಿರುಗಿಸಿ, "ಒಂದು ಕುಂಡಕ್ಕೆ ಎಷ್ಟು ಹಾಕ್ತೀರಿ?" ಎಂದು ಕೇಳಿದರು.

ಮೇಸ್ತ್ರಿ ಬಾಯಿ ತೆರೆದರು. ಮೂವತ್ತು ವರ್ಷದಿಂದ ಗುಲಾಬಿ ಬೆಳೆಸಿದ ಅನುಭವ, ಯಾರೋ ದೊಡ್ಡವರ ತೋಟದಲ್ಲಿ ಸಿಕ್ಕ ಬಹುಮಾನ, ಎಲ್ಲ ಸಾಲಾಗಿ ಬಂದು ಹಲ್ಲಿನ ಹಿಂದೆ ನಿಂತವು. ಅವರು ಅವನ್ನೆಲ್ಲ ನುಂಗಿಕೊಂಡರು.

"ಗುಲಾಬಿಗೆ ಎಷ್ಟು ನೀರು ಬೇಕು ಅಂತಾನೇ ನಂಗೊತ್ತಿಲ್ಲ, ಭಾವ. ಹೇಳಿಕೊಡಿ."